ಪಿಗ್ಮಿ ಹೊತ್ತಿನ ಲೋಡ್: ನಾಗಿಯೋಸ್, ಜ್ಯಾಬಿಕ್ಸ್, ಪ್ರೊಮೀಥಿಯಸ್, ನೆಟ್‌ಡೇಟಾ ಅಕ್ಕಪಕ್ಕ

ಸರ್ವರ್ ಮಾನಿಟರಿಂಗಿಗೆ, ಅಂದರೆ ಸರ್ವರ್‌ಗಳ ಆರೋಗ್ಯದ ಮೇಲೆ ಸದಾ ಕಣ್ಣಿಡಲು, ಯಾವ ಟೂಲ್ ಒಳ್ಳೆಯದು ಅಂತ ಕೇಳಿದರೆ ಬೆಂಗಳೂರಿನ ಗೆಳೆಯರು ಯೋಚನೆಯನ್ನೂ ಮಾಡದೆ ಪ್ರೊಮೀಥಿಯಸ್ ಅನ್ನುತ್ತಾರೆ. ಈ ಕೆಲಸದಲ್ಲಿ ಕೂದಲು ಹಣ್ಣಾದವರು ನಾಗಿಯೋಸ್ ಅನ್ನುತ್ತಾರೆ. ಮಂಗಳೂರಿನ ನಮ್ಮ ಸಣ್ಣ ಡೇಟಾಸೆಂಟರಿನಲ್ಲಿ ನಾಲ್ಕು ಟೂಲ್‌ಗಳನ್ನು ಅವೇ ಸರ್ವರ್‌ಗಳ ಮೇಲೆ ಒಟ್ಟಿಗೆ ಓಡಿಸಿ ನೋಡಿದೆವು. ಕೊನೆಗೆ ಮುಖ್ಯವಾಗಿ ಉಳಿಸಿಕೊಂಡದ್ದು ಜ್ಯಾಬಿಕ್ಸ್. ಗ್ರಾಫಿನ ಚೆಂದಕ್ಕೆ ಅದು ಗೆಲ್ಲಲಿಲ್ಲ. ಆ ವಿಷಯದಲ್ಲಿ ಅದು ಹಿಂದೆಯೇ. ಅದು ಗೆದ್ದದ್ದು ಸರ್ವರ್ ಇರುವ ಕೋಣೆಯನ್ನೂ ನೋಡಿಕೊಳ್ಳುತ್ತದೆ ಎಂಬ ಕಾರಣಕ್ಕೆ.

ಮೊದಲು ನಮ್ಮ ಲೋಡ್ ಹೇಗಿದೆ ಅಂತ ಹೇಳಬೇಕು. ನಮ್ಮಲ್ಲಿ ಜಾಸ್ತಿ ಇರುವುದು ಸಹಕಾರಿ ಸೊಸೈಟಿಗಳ ಸಾಫ್ಟ್‌ವೇರ್. ಮಂಗಳೂರು, ಉಡುಪಿ, ಕಾರ್ಕಳ, ಕುಂದಾಪುರದ ಶಾಖೆಗಳು. ಪಿಗ್ಮಿ ಈ ಕರಾವಳಿಯದೇ ಕೂಸು. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಅದನ್ನು ಶುರು ಮಾಡಿತು. ಇವತ್ತಿಗೂ ಪಿಗ್ಮಿ ಕಲೆಕ್ಟರ್ ಅಂಗಡಿ ಅಂಗಡಿ ಸುತ್ತಿ ಹಣ ತರುತ್ತಾರೆ. ಕೈಯಲ್ಲಿ ಈಗ ಸಣ್ಣ ಮೆಷೀನ್ ಇದೆ, ಅಷ್ಟೇ ವ್ಯತ್ಯಾಸ. ಸಂಜೆ ಎಲ್ಲರೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ದಿನದ ಲೆಕ್ಕ ಅಪ್‌ಲೋಡ್ ಮಾಡುತ್ತಾರೆ. ಹಾಗಾಗಿ ದಿನವಿಡೀ ಸುಮ್ನೆ ಕೂತಿರುವ ಡೇಟಾಬೇಸ್ ಸರ್ವರ್ ಸಂಜೆ ಆರರ ಮೇಲೆ ಏದುಸಿರು ಬಿಡುತ್ತದೆ. ದಿನದ ಸರಾಸರಿ ಸಿಪಿಯು ನೋಡಿದವರು ಈ ಸರ್ವರ್ ದೊಡ್ಡದಾಯಿತು, ಅರ್ಧದಷ್ಟು ಕೋರ್ (ಸಿಪಿಯುವಿನ ದುಡಿಯುವ ಘಟಕ) ಕಿತ್ತುಕೊಳ್ಳಿ ಅಂತಾರೆ. ಸಂಜೆಯ ಗ್ರಾಫ್ ನೋಡಿದವರು ಹಾಗನ್ನುವುದಿಲ್ಲ.

ಇನ್ನೊಂದು ವಿಷಯ. ಏಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ, ನಮ್ಮಲ್ಲಿ ಗುಡುಗು ಸಿಡಿಲು ಬರುವುದೂ ಸಂಜೆಯೇ. ಕರೆಂಟ್ ಹೋಗುವುದೂ ಆಗಲೇ. ಸಿಪಿಯು ಜಾಸ್ತಿ ದುಡಿದರೆ ಸರ್ವರ್ ಜಾಸ್ತಿ ವಿದ್ಯುತ್ ಎಳೆಯುತ್ತದೆ, ಯುಪಿಎಸ್ ತಾಳುವ ನಿಮಿಷ ಕಡಿಮೆಯಾಗುತ್ತದೆ. ಅಂದರೆ ಲೋಡ್ ಏರುವ ಹೊತ್ತಿಗೇ ಬ್ಯಾಟರಿ ಇಳಿಯುತ್ತದೆ. ಈ ಎರಡು ಗೆರೆಗಳು ಒಂದೇ ಪರದೆಯಲ್ಲಿ ಕಾಣಬೇಕು ಎಂಬುದೇ ನಮ್ಮ ಪರೀಕ್ಷೆಯಾಗಿತ್ತು.

ನಾಗಿಯೋಸ್: ಉಂಟಾ, ಇಲ್ವಾ?

1999ರಲ್ಲಿ ನೆಟ್‌ಸೇಂಟ್ ಹೆಸರಿನಲ್ಲಿ ಬಂದು 2002ರಲ್ಲಿ ಹೆಸರು ಬದಲಿಸಿಕೊಂಡ ಹಳೆಯ ಟೂಲ್ ಇದು. ಇದರ ಲೋಕ ಬಹಳ ಸರಳ. ಪ್ಲಗಿನ್ ಅಂದರೆ ಒಂದೊಂದು ವಿಷಯವನ್ನು ಚೆಕ್ ಮಾಡುವ ಸಣ್ಣ ಪ್ರೋಗ್ರಾಮ್. ಅದು 0 ಅಂದರೆ ಸರಿ, 1 ಅಂದರೆ ಎಚ್ಚರಿಕೆ, 2 ಅಂದರೆ ಅಪಾಯ, 3 ಅಂದರೆ ಗೊತ್ತಿಲ್ಲ. ಯಾವ ಭಾಷೆಯಲ್ಲಿ ಬೇಕಾದರೂ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದು ಪ್ಲಗಿನ್ ಮಾಡಬಹುದು. ಈ ಸರಳತೆ ನನಗೆ ಈಗಲೂ ಇಷ್ಟ.

ಆದರೆ ಸಂಪನ್ಮೂಲ ಎಷ್ಟು ಖರ್ಚಾಗುತ್ತಿದೆ ಅಂತ ತಿಳಿಯಲು ಇದು ಸಾಲದು. ಸಾಮಾನ್ಯವಾಗಿ 5 ನಿಮಿಷಕ್ಕೊಮ್ಮೆ ಚೆಕ್ ಮಾಡುತ್ತಾರೆ. ಎರಡು ಚೆಕ್‌ಗಳ ನಡುವೆ ಲೋಡ್ ಏರಿ ಇಳಿದರೆ ಇದಕ್ಕೆ ಗೊತ್ತೇ ಆಗುವುದಿಲ್ಲ. ಗ್ರಾಫ್ ಬೇಕಾದರೆ ಬೇರೆ ಸಾಫ್ಟ್‌ವೇರ್ ಜೋಡಿಸಬೇಕು. ಹೊಸ ಸರ್ವರ್ ಬಂದರೆ ಫೈಲ್ ತೆರೆದು ಕೈಯಾರೆ ಬರೆಯಬೇಕು. ನಾವು ಮೊದಲು ಕೈಬಿಟ್ಟದ್ದು ಇದನ್ನೇ.

ಪ್ರೊಮೀಥಿಯಸ್: ಸರ್ವರಿನ ಒಳಗೆ ಇದರ ಕಣ್ಣು ಚುರುಕು

ಇದು ಸೌಂಡ್‌ಕ್ಲೌಡ್ ಕಂಪನಿಯಲ್ಲಿ 2012ರಲ್ಲಿ ಹುಟ್ಟಿತು. 2016ರಲ್ಲಿ ಕುಬರ್ನೆಟಿಸ್ ಎಂಬ ಕ್ಲೌಡ್ ಸಾಫ್ಟ್‌ವೇರ್ ಇರುವ ಅದೇ ಫೌಂಡೇಶನ್ನಿಗೆ ಎರಡನೆಯ ಪ್ರಾಜೆಕ್ಟ್ ಆಗಿ ಸೇರಿತು. ಇದು ತಾನೇ ಹೋಗಿ ಪ್ರತಿ ಸರ್ವರಿನಿಂದ ಅಂಕಿ ಎತ್ತಿಕೊಂಡು ಬರುತ್ತದೆ. ಲಿನಕ್ಸ್ ಸರ್ವರಿನಲ್ಲಿ ನೋಡ್ ಎಕ್ಸ್‌ಪೋರ್ಟರ್ ಎಂಬ ಅಂಕಿ ಒದಗಿಸುವ ಸಣ್ಣ ಪ್ರೋಗ್ರಾಮ್ ಹಾಕಿ 9100 ಪೋರ್ಟ್ (ನೆಟ್‌ವರ್ಕಿನ ಬಾಗಿಲ ಸಂಖ್ಯೆ) ತೆರೆದರೆ ಸಾಕು. ಗ್ರಫಾನಾ ಎಂಬ ಟೂಲ್‌ನಲ್ಲಿ ಗ್ರಾಫ್ ಬಂತು.

ಪಿಗ್ಮಿ ಹೊತ್ತನ್ನು ಚೆನ್ನಾಗಿ ಬಿಡಿಸಿ ತೋರಿಸಿದ್ದು ಇದೇ. 15 ಸೆಕೆಂಡಿಗೊಮ್ಮೆ ಅಂಕಿ ತರಿಸಿದಾಗ ಒಂದು ವಿಷಯ ಸ್ಪಷ್ಟವಾಯಿತು. ಲೋಡ್ ಆವರೇಜ್ ಏರುತ್ತಿತ್ತು, ಸಿಪಿಯು ಮಾತ್ರ ಅರ್ಧದಷ್ಟೂ ಬಳಕೆಯಾಗುತ್ತಿರಲಿಲ್ಲ. ಲಿನಕ್ಸಿನಲ್ಲಿ ಲೋಡ್ ಅಂದರೆ ಬರೀ ಸಿಪಿಯು ಸಾಲಿನಲ್ಲಿ ನಿಂತವರ ಲೆಕ್ಕ ಅಲ್ಲ. ಡಿಸ್ಕಿಗೆ ಕಾಯುತ್ತಾ ಅಲುಗಾಡದೆ ಕೂತ ಪ್ರೊಸೆಸ್‌ಗಳೂ ಅದರಲ್ಲಿ ಸೇರುತ್ತವೆ. ನಮ್ಮ ಕೊರತೆ ಕೋರ್ ಅಲ್ಲ, ಡಿಸ್ಕ್. ಕರ್ನಲ್ (ಲಿನಕ್ಸಿನ ತಿರುಳು) 4.20ರಿಂದ ಈಚೆಗೆ ಲಿನಕ್ಸ್ ಇದನ್ನು ಪ್ರೆಶರ್ ಎಂದು ಬೇರೆಯಾಗಿಯೇ ಅಳೆದು ಕೊಡುತ್ತದೆ. ಸಿಪಿಯು, ಮೆಮೊರಿ, ಡಿಸ್ಕ್ ಮೂರಕ್ಕೂ ಎಷ್ಟು ಹೊತ್ತು ಕೆಲಸ ನಿಂತಿತ್ತು ಅನ್ನುವ ಲೆಕ್ಕ. ನೋಡ್ ಎಕ್ಸ್‌ಪೋರ್ಟರ್ ಅದನ್ನು ತಾನಾಗಿ ತರುತ್ತದೆ. ಜ್ಯಾಬಿಕ್ಸ್‌ನಲ್ಲಿ ಅದಕ್ಕೆ ನಾವೇ ಐಟಂ, ಅಂದರೆ ಏನು ಅಳೆಯಬೇಕು ಅನ್ನುವ ಸೂಚನೆ, ಬರೆಯಬೇಕಾಯಿತು. ಡಿಸ್ಕ್ ಪ್ರೆಶರ್ ಗ್ರಾಫ್ ತೋರಿಸಿದ ಮೇಲೆ ಎಸ್‌ಎಸ್‌ಡಿ ಬಿಲ್ ಪಾಸಾಗಲು ಕಷ್ಟವಾಗಲಿಲ್ಲ.

ಇದರ ಪ್ರಶ್ನೆ ಕೇಳುವ ಭಾಷೆಯೂ ಬಲವಾದದ್ದು. ಈ ಸಂಜೆಯನ್ನು ಕಳೆದ ವಾರದ ಇದೇ ಸಂಜೆಯ ಪಕ್ಕ ಇಡಬೇಕೆ? ಒಂದು ಸಾಲು. ಡಿಸ್ಕ್ ಇದೇ ಗತಿಯಲ್ಲಿ ತುಂಬಿದರೆ ನಾಲ್ಕು ಗಂಟೆಯೊಳಗೆ ಜಾಗ ಮುಗಿಯುತ್ತದೆಯೇ? ಅದೂ ಒಂದು ಸಾಲು. ಇಂಥ ಅಂದಾಜು ಜ್ಯಾಬಿಕ್ಸ್‌ನಲ್ಲೂ ಉಂಟು, ಆದರೆ ಹತ್ತು ಸರ್ವರ್ ಸೇರಿಸಿ, ಗುಂಪು ಮಾಡಿ ಲೆಕ್ಕ ಹಾಕುವಾಗ ಪ್ರೊಮೀಥಿಯಸ್ ಹತ್ತಿರ ಬೇರೆ ಯಾವುದೂ ಬರುವುದಿಲ್ಲ.

ಹಳೆಯ ಲೆಕ್ಕ ಉಳಿಸುವುದಿಲ್ಲ ಅನ್ನುವ ದೂರು ಇದರ ಮೇಲಿದೆ. ಸುಮ್ಮನೆ ಬಿಟ್ಟರೆ 15 ದಿನಕ್ಕೆ ಅಳಿಸುತ್ತದೆ, ನಿಜ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಸರ್ವರಿಗೆ ಸಾವಿರ ಸರಣಿ (ಅಳೆಯುವ ಒಂದೊಂದು ವಿಷಯಕ್ಕೆ ಒಂದು), 15 ಸೆಕೆಂಡಿಗೊಮ್ಮೆ, ಅಂದರೆ ಒಂದೊಂದಕ್ಕೆ ದಿನಕ್ಕೆ 5,760 ಅಂಕಿ. ನಲವತ್ತು ಸರ್ವರಿಗೆ ದಿನಕ್ಕೆ ಸುಮಾರು 23 ಕೋಟಿ. ಒಂದು ಅಂಕಿಗೆ ಒಂದರಿಂದ ಎರಡು ಬೈಟ್ ಸಾಕು. ಎರಡು ಅಂತಲೇ ಹಿಡಿದರೂ ದಿನಕ್ಕೆ ಅರ್ಧ ಜಿಬಿ ಆಗುವುದಿಲ್ಲ, ವರ್ಷಕ್ಕೆ 170 ಜಿಬಿ ಒಳಗೆ. ಇವತ್ತಿನ ಡಿಸ್ಕ್ ಬೆಲೆಗೆ ಇದೊಂದು ದೂರೇ ಅಲ್ಲ.

ನಮಗೆ ಇದು ಬಿಗಿಯಾದದ್ದು ಸರ್ವರ್ ಬಿಟ್ಟು ಹೊರಗೆ ಬಂದಾಗ. ಯುಪಿಎಸ್, ನೆಟ್‌ವರ್ಕ್ ಸ್ವಿಚ್, ಪಿಡಿಯು (ರ‍್ಯಾಕಿಗೆ ಕರೆಂಟ್ ಹಂಚುವ ಪಟ್ಟಿ) ಇವೆಲ್ಲ ಮಾತಾಡುವುದು ಎಸ್‌ಎನ್‌ಎಮ್‌ಪಿ ಎಂಬ ನೆಟ್‌ವರ್ಕ್ ಉಪಕರಣಗಳ ಭಾಷೆ. ಪ್ರೊಮೀಥಿಯಸ್‌ಗೆ ಅದು ನೇರ ಅರ್ಥವಾಗುವುದಿಲ್ಲ. ನಡುವೆ ಎಸ್‌ಎನ್‌ಎಮ್‌ಪಿ ಎಕ್ಸ್‌ಪೋರ್ಟರ್ ಕೂರಿಸಬೇಕು. ಸಾಮಾನ್ಯ ಸ್ವಿಚ್ ಆದರೆ ತೊಂದರೆಯಿಲ್ಲ. ಸ್ವಲ್ಪ ಬೇರೆ ಉಪಕರಣ ಬಂತೋ, ಅದರ ಎಂಐಬಿ ಫೈಲ್ (ಯಾವ ನಂಬರ್ ಯಾವ ಅಳತೆ ಅನ್ನುವ ಪಟ್ಟಿ) ಹುಡುಕಿ, ಜನರೇಟರ್ ಎಂಬ ಪ್ರೋಗ್ರಾಮ್ ಓಡಿಸಿ, ಹೊಸ ಸೆಟ್ಟಿಂಗ್ ಫೈಲ್ ತಯಾರಿಸಬೇಕು. ಸರ್ವರಿನ ಉಷ್ಣತೆಗೆ, ಅದರೊಳಗಿನ ಸೆನ್ಸರ್ ಓದುವ ಐಪಿಎಂಐ ಎಕ್ಸ್‌ಪೋರ್ಟರ್ ಬೇರೆ. ಅಲರ್ಟಿಗೆ ಅಲರ್ಟ್‌ಮ್ಯಾನೇಜರ್ ಬೇರೆ, ಗ್ರಾಫಿಗೆ ಗ್ರಫಾನಾ ಬೇರೆ. ಇವನ್ನೆಲ್ಲ ನೋಡಿಕೊಳ್ಳಲು ಒಂದು ತಂಡ ಇದ್ದರೆ ಸರಿ. ನಮ್ಮಲ್ಲಿ ಪ್ರಿಂಟರ್ ರಿಪೇರಿಗೂ ನಾವೇ ಹೋಗುವುದು.

ಜ್ಯಾಬಿಕ್ಸ್: ಕೋಣೆಯ ಲೆಕ್ಕವೂ ಇದರಲ್ಲೇ

ಲಾಟ್ವಿಯಾದ ರೀಗಾದಲ್ಲಿ ಅಲೆಕ್ಸೇಯ್ ವ್ಲಾದಿಶೆವ್ ಶುರು ಮಾಡಿದ ಟೂಲ್ ಇದು. ಮೊದಲ ಸಲ ಹೊರಗೆ ಬಂದದ್ದು 2001ರಲ್ಲಿ. ಏಜೆಂಟ್ (ಸರ್ವರಿನೊಳಗೆ ಕೂತು ಅಂಕಿ ಕೊಡುವ ಪ್ರೋಗ್ರಾಮ್), ಎಸ್‌ಎನ್‌ಎಮ್‌ಪಿ, ಐಪಿಎಂಐ, ಅಲರ್ಟ್, ಗ್ರಾಫ್ ಎಲ್ಲ ಒಂದೇ ಕಡೆ. ಅಂಕಿ ಹೋಗಿ ಕೂರುವುದು ನಮಗೆ ಗೊತ್ತಿರುವ ಮೈಎಸ್‌ಕ್ಯುಎಲ್ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ.

ಯುಪಿಎಸ್‌ಗಳಿಗೆ 1994ರಿಂದಲೂ ಒಂದು ಸಾಮಾನ್ಯ ಎಂಐಬಿ ಇದೆ, ಆರ್‌ಎಫ್‌ಸಿ 1628 ಎಂಬ ಇಂಟರ್ನೆಟ್ ದಾಖಲೆಯಲ್ಲಿ. ಬ್ಯಾಟರಿಯಲ್ಲಿ ಇನ್ನು ಎಷ್ಟು ನಿಮಿಷ, ಬ್ಯಾಟರಿ ಮೇಲೆ ಓಡಲು ಶುರುವಾಗಿ ಎಷ್ಟು ಸೆಕೆಂಡ್, ಬ್ಯಾಟರಿ ಎಷ್ಟು ಬಿಸಿ, ಇವೆಲ್ಲ ಅದರಲ್ಲಿವೆ. ಜ್ಯಾಬಿಕ್ಸ್‌ನಲ್ಲಿ ನಂಬರ್ ಬರೆದು ಐಟಂ ಸೇರಿಸಿದರೆ ಮುಗಿಯಿತು. ಒಂದು ಮಧ್ಯಾಹ್ನದ ಕೆಲಸ. ಡೇಟಾಬೇಸ್ ಸರ್ವರಿನ ಡಿಸ್ಕ್ ಕಾಯುವಿಕೆ ಮೇಲೆ, ಯುಪಿಎಸ್ ನಿಮಿಷ ಕೆಳಗೆ, ಒಂದೇ ಪರದೆ. ಕರೆಂಟ್ ಜನರೇಟರ್ ನೋಡಿಕೊಳ್ಳುವ ಅಣ್ಣನಿಗೂ ಅದು ಅರ್ಥವಾಗುತ್ತದೆ. "ಇನ್ನೆಷ್ಟು ನಿಮಿಷ ಉಂಟು ಮಾರಾಯ್ರೆ?" ಅಂತ ಫೋನ್ ಮಾಡಿ ಕೇಳುತ್ತಿದ್ದವರು ಈಗ ಮೊಬೈಲಿನಲ್ಲಿ ತಾವೇ ನೋಡುತ್ತಾರೆ.

ಉಷ್ಣತೆಯ ವಿಷಯವೂ ಹೀಗೇ. ರ‍್ಯಾಕಿನ ಮುಂಭಾಗಕ್ಕೆ ಬರುವ ಗಾಳಿ 18ರಿಂದ 27 ಡಿಗ್ರಿ ಒಳಗಿರಲಿ ಅನ್ನುವುದು ಆಶ್ರೇ ಎಂಬ ಅಮೆರಿಕದ ಎಸಿ ಎಂಜಿನಿಯರುಗಳ ಸಂಸ್ಥೆಯ ಶಿಫಾರಸು. ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ನೀರಾಗುವ ಉಷ್ಣತೆ, 15 ಡಿಗ್ರಿ ದಾಟಬಾರದು. ನಮ್ಮ ಮಳೆಗಾಲದಲ್ಲಿ ಹೊರಗೆ 25 ಡಿಗ್ರಿ, ತೇವ ಶೇಕಡಾ 90 ಅಂದರೆ ಇಬ್ಬನಿ ಬಿಂದು 23ರ ಹತ್ತಿರ. ಎಸಿ ನಿಂತಿತು, ಹೊರಗೆ ತಂಪುಂಟಲ್ವಾ, ಬಾಗಿಲು ತೆರೆದಿಡುವ ಅನ್ನುವವರು ಪ್ರತಿ ವರ್ಷ ಒಬ್ಬರಾದರೂ ಇರುತ್ತಾರೆ. ತೆರೆಯಬೇಡಿ. ಸರ್ವರಿನೊಳಗಿನ ಸೆನ್ಸರ್ ಉಷ್ಣತೆಯನ್ನು ಮಾತ್ರ ಹೇಳುತ್ತದೆ, ತೇವಕ್ಕೆ ರ‍್ಯಾಕಿನಲ್ಲಿ ಬೇರೆ ಸೆನ್ಸರ್ ಇಡಬೇಕು. ಎರಡೂ ಜ್ಯಾಬಿಕ್ಸಿಗೆ ಸುಲಭವಾಗಿ ಬರುತ್ತವೆ.

ಇದರ ಇನ್ನೊಂದು ಗುಣ ಶಾಖೆಗಳಿಗೆ ಬಂತು. ಪ್ರೊಮೀಥಿಯಸ್ ಒಳಗೆ ಬಂದು ಎತ್ತಿಕೊಂಡು ಹೋಗಬೇಕು, ಹಾಗಾಗಿ ಶಾಖೆಯ ಫೈರ್‌ವಾಲ್‌ನಲ್ಲಿ ದಾರಿ ಬಿಡಬೇಕು. ಜ್ಯಾಬಿಕ್ಸ್ ಏಜೆಂಟನ್ನು ಆ್ಯಕ್ಟಿವ್ ಮಾಡಿದರೆ ಅದೇ ಹೊರಗೆ ಬಂದು 10051 ಪೋರ್ಟಿಗೆ ವರದಿ ಒಪ್ಪಿಸುತ್ತದೆ. ಮನೆ ಬ್ರಾಡ್‌ಬ್ಯಾಂಡ್ ಮೇಲೆ ಓಡುವ ಕುಂದಾಪುರದ ಶಾಖೆಗೂ ಇದು ಸಾಕು. ಶಾಖೆಯಲ್ಲಿ ಜ್ಯಾಬಿಕ್ಸ್ ಪ್ರಾಕ್ಸಿ ಇಟ್ಟರೆ ಲೈನ್ ಹೋದಾಗಲೂ ಅಂಕಿ ಅಲ್ಲೇ ಕೂಡಿರುತ್ತದೆ, ಲೈನ್ ಬಂದ ಮೇಲೆ ತಲುಪುತ್ತದೆ. ಸುಮ್ಮನೆ ಬಿಟ್ಟರೆ ಒಂದು ಗಂಟೆಯಷ್ಟನ್ನೇ ಹಿಡಿದಿಡುತ್ತದೆ. ನಮ್ಮ ಮಳೆಗೆ ಅದು ಸಾಲದು, ಹೆಚ್ಚಿಸಿಕೊಳ್ಳಿ.

ಹಳೆಯ ಅಂಕಿಗಳ ವಿಷಯದಲ್ಲಿ ಇದರ ರೀತಿ ಬೇರೆ. ಬಿಡಿ ಅಂಕಿಗಳನ್ನು ಕೆಲವು ವಾರ ಇಟ್ಟು ಅಳಿಸುತ್ತದೆ. ಪ್ರತಿ ಗಂಟೆಯ ಕನಿಷ್ಠ, ಸರಾಸರಿ, ಗರಿಷ್ಠ ಮಾತ್ರ ಒಂದು ವರ್ಷ ಉಳಿಯುತ್ತದೆ. ಕಳೆದ ಮಾರ್ಚ್ 31ರ ರಾತ್ರಿಯನ್ನು ಈ ಮಾರ್ಚ್ 31ರ ಜೊತೆ ನೋಡಲು ಇಷ್ಟು ಸಾಕು, ಅವಧಿಯನ್ನು ಒಂದಿಷ್ಟು ದಿನ ಹೆಚ್ಚಿಸಿದ್ದರೆ. ಆದರೆ ಆ ಗಂಟೆಯಲ್ಲಿ ಗರಿಷ್ಠ ಮಟ್ಟ ಹತ್ತು ಸೆಕೆಂಡ್ ಇತ್ತೋ ಅರ್ಧ ಗಂಟೆ ಇತ್ತೋ ಅಂತ ಆಮೇಲೆ ಹೇಳಲು ಬರುವುದಿಲ್ಲ. ವಿಎಂ (ಸರ್ವರಿನೊಳಗಿನ ಕಲ್ಪಿತ ಸರ್ವರ್) ಎಷ್ಟು ದೊಡ್ಡದಿರಬೇಕು ಅಂತ ನಿರ್ಧರಿಸುವಾಗ ಇದೇ ಪ್ರಶ್ನೆ ಬರುತ್ತದೆ. ಇಲ್ಲಿ ಪ್ರೊಮೀಥಿಯಸ್ಸೇ ಮೇಲು, ಬೇರೆ ಮಾತಿಲ್ಲ.

ಮತ್ತೆ ಇದರ ಮೆನುಗಳು. ಟೆಂಪ್ಲೇಟ್, ಐಟಂ, ಟ್ರಿಗ್ಗರ್, ಆ್ಯಕ್ಷನ್, ಮೀಡಿಯಾ ಟೈಪ್ ಅಂತ ಸರ್ಕಾರಿ ಕಚೇರಿಯ ಟೇಬಲ್‌ಗಳ ಹಾಗೆ ಒಂದರಿಂದ ಒಂದಕ್ಕೆ ಓಡಾಡಬೇಕು. ಹೊಸಬರಿಗೆ ತಲೆ ತಿರುಗುತ್ತದೆ. ಅಂಕಿ ಜಾಸ್ತಿಯಾದಂತೆ ಡೇಟಾಬೇಸಿನ ಕಡೆ ಗಮನ ಕೊಡಬೇಕು. ಪೋಸ್ಟ್‌ಗ್ರೆಸ್ ಜೊತೆ ಟೈಮ್‌ಸ್ಕೇಲ್ ಎಂಬ ಜೋಡಣೆ ಹಾಕಿಕೊಂಡರೆ ಹಳೆಯದನ್ನು ಅಳಿಸುವ ಕೆಲಸ ಹಗುರ.

ನೆಟ್‌ಡೇಟಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದನ್ನು ಈ ಸಾಲಿನಲ್ಲಿ ಇಡುವುದೇ ಸರಿಯಲ್ಲವೇನೋ. ಒಂದು ಕಮಾಂಡ್ ಕೊಟ್ಟು, 19999 ಪೋರ್ಟ್ ತೆರೆದು ನೋಡಿದರೆ ಸೆಕೆಂಡಿಗೊಮ್ಮೆ ಓಡುವ ಗ್ರಾಫ್ ಸಿಗುತ್ತದೆ. ಈಗ, ಈ ಕ್ಷಣ ಈ ಸರ್ವರಿಗೆ ಏನಾಗುತ್ತಿದೆ ಅನ್ನಲು ಇದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ. ಡೇಟಾಬೇಸ್ ಸರ್ವರಿನಲ್ಲಿ ಮಾತ್ರ ಉಳಿಸಿಕೊಂಡಿದ್ದೇವೆ.

ಅಲರ್ಟ್ ಬಗ್ಗೆ ಹೇಳದಿದ್ದರೆ ಈ ಹೋಲಿಕೆ ಅರ್ಧವೇ. ಮುಖ್ಯ ಸ್ವಿಚ್ ಬಿದ್ದರೆ ಅದರ ಹಿಂದಿರುವ ಎಲ್ಲ ಸರ್ವರ್ ಸತ್ತಂತೆ ಕಾಣುತ್ತದೆ. ಮೊಬೈಲಿಗೆ ನಲವತ್ತು ಮೆಸೇಜ್. ಇದಕ್ಕೆ ಮದ್ದು ಮೂರರಲ್ಲೂ ಇದೆ. ನಾಗಿಯೋಸ್‌ನಲ್ಲಿ ಯಾರು ಯಾರ ಹಿಂದೆ ಅಂತ ಪೇರೆಂಟ್ ಬರೆಯಬಹುದು. ಜ್ಯಾಬಿಕ್ಸ್‌ನಲ್ಲಿ ಒಂದು ಟ್ರಿಗ್ಗರ್ (ಅಲರ್ಟ್ ಎಬ್ಬಿಸುವ ಷರತ್ತು) ಇನ್ನೊಂದನ್ನು ಅವಲಂಬಿಸುವಂತೆ ಮಾಡಬಹುದು. ಪ್ರೊಮೀಥಿಯಸ್‌ನ ಅಲರ್ಟ್‌ಮ್ಯಾನೇಜರ್ ಒಂದೇ ಬಗೆಯವನ್ನು ಗುಂಪು ಮಾಡಿ ಒಂದೇ ಮೆಸೇಜ್ ಕಳಿಸುತ್ತದೆ, ದೊಡ್ಡದು ಬಂದಾಗ ಸಣ್ಣದನ್ನು ತಡೆಯುತ್ತದೆ. ಬಳಸಿ ನೋಡಿದ್ದರಲ್ಲಿ ಅಲರ್ಟ್‌ಮ್ಯಾನೇಜರಿನ ಗುಂಪು ಮಾಡುವ ರೀತಿಯೇ ಅಚ್ಚುಕಟ್ಟು. ಜ್ಯಾಬಿಕ್ಸ್‌ನಲ್ಲಿ ಈ ಅವಲಂಬನೆಗಳನ್ನು ಒಂದೊಂದಾಗಿ ಕೂತು ಬರೆಯಬೇಕು. ಬೇಸರದ ಕೆಲಸ, ಆದರೆ ಒಂದೇ ಸಲ.

ಇನ್ನು ರಸ್ತೆ ಅಗೆದು ಫೈಬರ್ ತುಂಡಾದರೆ? ಆಗ ಒಳಗಿರುವ ಟೂಲ್‌ಗೆ ಎಲ್ಲ ಗೊತ್ತಿರುತ್ತದೆ, ಹೇಳಲು ದಾರಿ ಇರುವುದಿಲ್ಲ. ಇಮೇಲ್, ಟೆಲಿಗ್ರಾಂ ಎರಡೂ ಹೊರಗೆ ಹೋಗುವುದಿಲ್ಲ. ಇದಕ್ಕೆ ಎರಡು ವ್ಯವಸ್ಥೆ ಬೇಕು. ಒಂದು, ಬೇರೆ ಊರಿನ ಸಣ್ಣ ಬಾಡಿಗೆ ಸರ್ವರಿನಿಂದ ನಮ್ಮನ್ನು ನಿಮಿಷಕ್ಕೊಮ್ಮೆ ತಟ್ಟಿ ನೋಡುವುದು. ಅದನ್ನು ಯಾವ ಟೂಲ್‌ನಲ್ಲಿ ಬೇಕಾದರೂ ಮಾಡಿ. ಇನ್ನೊಂದು, ಜಿಎಸ್‌ಎಂ ಮೋಡೆಮ್. ಜ್ಯಾಬಿಕ್ಸ್ ಸರ್ವರಿಗೆ ಮೋಡೆಮ್ ಚುಚ್ಚಿದರೆ ಅದು ಇಂಟರ್ನೆಟ್ ಇಲ್ಲದೆ ನೇರ ಎಸ್‌ಎಂಎಸ್ ಕಳಿಸುತ್ತದೆ, ಆ ಸೌಲಭ್ಯ ಅದರಲ್ಲೇ ಇದೆ. ಅಲರ್ಟ್‌ಮ್ಯಾನೇಜರಿಗೆ ಅದಕ್ಕಾಗಿ ವೆಬ್‌ಹುಕ್ (ಅಲರ್ಟನ್ನು ಇನ್ನೊಂದು ಪ್ರೋಗ್ರಾಮಿಗೆ ದಾಟಿಸುವ ದಾರಿ) ಹಿಡಿದು ನಾವೇ ಒಂದು ಪ್ರೋಗ್ರಾಮ್ ಬರೆಯಬೇಕು. ಮೋಡೆಮ್‌ಗೆ ಸಿಮ್ ತೆಗೆದುಕೊಳ್ಳುವಾಗ ಫೈಬರ್ ಕೊಟ್ಟ ಕಂಪನಿಯದ್ದೇ ತೆಗೆದುಕೊಳ್ಳಬೇಡಿ, ಮತ್ತೆ ತಿಂಗಳಿಗೊಮ್ಮೆ ಅದರ ರೀಚಾರ್ಜ್ ನೋಡಿಕೊಳ್ಳಲು ಯಾರಿಗಾದರೂ ಹೇಳಿಡಿ.