ಪಾರಿವಾಳಕ್ಕೆ ಬಲೆ ಹಾಕಿಸುವ ಮೊದಲು ಗೂಡು ನೋಡಿಸಿ

ಗೋದಾಮು, ಕಾರ್ಖಾನೆ, ಮಾರುಕಟ್ಟೆ ಕಟ್ಟಡಗಳ ಉಸ್ತುವಾರಿ ಹೊತ್ತವರು ದಯವಿಟ್ಟು ಇದನ್ನು ಪೂರ್ತಿ ಓದಿ. ನೆಲಮಂಗಲದ ಕಡೆಯ ನಮ್ಮ ದಿನಸಿ ಗೋದಾಮಿಗೆ ಪಾರಿವಾಳದ ಕಾಟ ತಪ್ಪಿಸಲು ಬಂದ ಗುತ್ತಿಗೆದಾರರು ಹಕ್ಕಿಗಳನ್ನೂ ಕೊಂದರು, ಅಕ್ಕಿಯನ್ನೂ ಹಾಳು ಮಾಡಿದರು.

ಮೊದಲು ಅವರು ತಂದದ್ದು ಅಲ್ಟ್ರಾಸಾನಿಕ್ ಯಂತ್ರ. ಅದರ ಶಬ್ದ ಮನುಷ್ಯರಿಗೆ ಕೇಳಿಸದು, ಪಾರಿವಾಳಕ್ಕೆ ಸಹಿಸಲಾಗದು ಎಂದರು. ಶುದ್ಧ ಸುಳ್ಳು. 20 ಕಿಲೋಹರ್ಟ್ಸ್ ಮೇಲಿನ ಶಬ್ದ ನಮಗೆ ಕೇಳಿಸದಿದ್ದರೆ ಪಾರಿವಾಳಕ್ಕೂ ಕೇಳಿಸದು. ಅದರ ಕಿವಿಯ ಮಿತಿ ನಮ್ಮದಕ್ಕಿಂತ ಕೆಳಗಿದೆ. ಯಂತ್ರದ ಪೆಟ್ಟಿಗೆಯ ಮೇಲೆಯೇ ಕುಳಿತು ಹಿಕ್ಕೆ ಹಾಕಿದವು.

ಆಮೇಲೆ ಬಲೆ. ಚದರ ಅಡಿಗೆ ಇಷ್ಟೆಂದು ದರ ಹೇಳಿ, ಛಾವಣಿ ಹೊತ್ತ ಟ್ರಸ್ ಚೌಕಟ್ಟುಗಳ ಕೆಳಗೆ ಒಂದೇ ದಿನದಲ್ಲಿ ಎಳೆದು ಕಟ್ಟಿದರು. ಮೇಲೆ ಗೂಡುಗಳಿವೆಯೇ ಎಂದು ಒಬ್ಬರೂ ಹತ್ತಿ ನೋಡಲಿಲ್ಲ. ಪಾರಿವಾಳ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಕಾವು ಸುಮಾರು 18 ದಿನ, ಮರಿ ಹಾರಲು ಇನ್ನೂ ನಾಲ್ಕೈದು ವಾರ. ಶಟರ್ ಬಾಗಿಲಿನಿಂದ ಒಳಬಂದ ತಾಯಿ ಹಕ್ಕಿಗಳಿಗೆ ಮರಿಗಳ ದನಿ ಕೇಳಿಸುತ್ತಿತ್ತು, ನಡುವೆ ಬಲೆ. ಒಂದರ ಕಾಲ್ಬೆರಳಿಗೆ ತೆಳು ನೈಲಾನ್ ದಾರ ಸುತ್ತಿಕೊಂಡು ತಲೆಕೆಳಗಾಗಿ ನೇತಾಡಿತು. ಒದ್ದಾಡಿದಷ್ಟೂ ದಾರ ಮಾಂಸದೊಳಕ್ಕೆ ಇಳಿಯಿತು. ಆಳನ್ನು ಎತ್ತರಕ್ಕೆ ಏರಿಸುವ ಬೂಮ್ ಲಿಫ್ಟ್ ಯಂತ್ರ ತರಿಸುವಷ್ಟರಲ್ಲಿ ಪ್ರಾಣ ಹೋಗಿತ್ತು.

ಕೆಲವೇ ದಿನಗಳಲ್ಲಿ ಗೋದಾಮಿನ ತುಂಬ ನಾತ. ಸತ್ತ ಮರಿಗಳಿಂದ ಹುಳುಗಳು ಬಲೆಯ ಕಣ್ಣುಗಳ ಮೂಲಕ ಅಕ್ಕಿ ಮೂಟೆಗಳ ಮೇಲೆ ಉದುರತೊಡಗಿದವು. ಆ ಸಾಲಿನ ಮೂಟೆಗಳನ್ನೆಲ್ಲ ಹೊರಗೆ ಹಾಕಬೇಕಾಯಿತು. ಫೋನ್ ಮಾಡಿದರೆ, "ಬಲೆ ಹಾಕುವುದಷ್ಟೇ ನಮ್ಮ ಕೆಲಸ ಸರ್" ಎಂಬ ಉತ್ತರ.

ನನಗೆ ಹೆಚ್ಚು ಸಿಟ್ಟು ತರಿಸಿದ್ದು ಮುಂದಿನದು. ಒತ್ತಾಯಿಸಿದ ಮೇಲೆ ಇಬ್ಬರು ಹುಡುಗರನ್ನು ಕಳುಹಿಸಿದರು. ಮುಖಗವಸಿಲ್ಲ, ಕೈಗವಸಿಲ್ಲ, ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸುತ್ತಿದ್ದರು. ಆ ಧೂಳಿನಲ್ಲಿ ಕ್ರಿಪ್ಟೋಕಾಕಸ್, ಹಿಸ್ಟೋಪ್ಲಾಸ್ಮಾದಂಥ ಶಿಲೀಂಧ್ರಗಳಿರಬಹುದು, ಶ್ವಾಸಕೋಶಕ್ಕೆ ಇಳಿದರೆ ಕಾಯಿಲೆ ಬರಬಹುದು. ಹಿಕ್ಕೆಯನ್ನು ನೀರು ಚಿಮುಕಿಸಿ ಚೆನ್ನಾಗಿ ನೆನೆಸಿಯೇ ತೆಗೆಯಬೇಕು, ಎನ್‌95 ಮುಖಗವಸು ಹಾಕಿಕೊಂಡೇ. ನಾನು ಅಲ್ಲಿಯೇ ಕೆಲಸ ನಿಲ್ಲಿಸಿದೆ.

ಬಲೆ ಬೇಡವೆಂದು ನಾನು ಹೇಳುತ್ತಿಲ್ಲ, ಸರಿಯಾಗಿ ಹಾಕಿದರೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಪಾರಿವಾಳಕ್ಕೆ 50 ಮಿಲಿಮೀಟರ್ ಕಣ್ಣಿನ ಬಲೆ ಸಾಕು. ಗುಬ್ಬಿಯೂ ಬರುವ ಕಡೆ 19 ಮಿಲಿಮೀಟರ್ ಬೇಕು. ಬಿಸಿಲು ತಾಳುವ ದಾರವಿರಲಿ, ಸುತ್ತಲೂ ಉಕ್ಕಿನ ತಂತಿ ಬಿಗಿದು ಅದಕ್ಕೆ ಬಲೆ ಕಟ್ಟಲಿ. ಜೋಲು ಬಿದ್ದ ಬಲೆಯಲ್ಲೇ ಹಕ್ಕಿ ಸಿಕ್ಕಿಕೊಳ್ಳುವುದು. ದೀಪ ಬದಲಿಸಲು ಬಿಚ್ಚಿ ಮುಚ್ಚುವ ಜಾಗ ಇಡಿಸಿ. ಲಾರಿ ಬರುವ ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಗಳ ಪರದೆ, ನೆಲಕ್ಕೆ ಚೆಲ್ಲಿದ ಕಾಳು ಅಂದಂದೇ ಗುಡಿಸುವುದು, ಇವೂ ಅಷ್ಟೇ ಮುಖ್ಯ. ಅಂಟು ಹಚ್ಚುತ್ತೇವೆ ಎನ್ನುವವರಿಗೆ ಒಪ್ಪಬೇಡಿ. ಸಣ್ಣ ಹಕ್ಕಿಗಳು ರೆಕ್ಕೆ ಅಂಟಿ ನರಳಿ ಸಾಯುತ್ತವೆ. ಪ್ರಾಣಿಹಿಂಸೆ ತಡೆಯಲು 1960ರ ಕಾಯ್ದೆಯೇ ಇದೆ.

ಗೂಡುಗಳ ಪರಿಶೀಲನೆ, ಮರಿ ಹಾರುವವರೆಗೆ ಕಾಯುವುದು, ಬಲೆ ಹಾಕಿದ ಮೇಲೆ ಒಳಗೆ ಸಿಕ್ಕ ಹಕ್ಕಿಗಳನ್ನು ಬಿಡಿಸುವುದು, ಈ ಮೂರನ್ನೂ ಒಪ್ಪಂದದಲ್ಲಿ ಬರೆಸಿ. ಕೊನೆಯ ಕಂತಿನ ಹಣವನ್ನು ಅದಾದ ನಂತರವೇ ಕೊಡಿ. ಇದಕ್ಕೆ ಒಪ್ಪದವರನ್ನು ಗೇಟಿನಿಂದಲೇ ವಾಪಸು ಕಳುಹಿಸಿ.