ಹಳೇ ಎಸ್ಟರ್‌ಬ್ರುಕ್ ಜೆ ಪೆನ್ನಿಗೆ 2556 ನಿಬ್ಬೋ, 9556 ನಿಬ್ಬೋ?

ಈ ಶಾಯಿ ಪೆನ್ನಿನ ನಿಬ್ಬು ಬದಲಿಸುವುದು ಸುಲಭ, ತಿರುಗಿಸಿ ಬಿಚ್ಚಿ ಇನ್ನೊಂದನ್ನು ತಿರುಗಿಸಿ ಕೂರಿಸಿದರೆ ಆಯ್ತು. ಎರಡೂ ಬಾಗದ ನಿಬ್ಬುಗಳೇ, ಗೆರೆಯೂ ಸಣ್ಣದೇ. ವ್ಯತ್ಯಾಸ ಇರುವುದು ತುದಿಯಲ್ಲಿ. 2556ರ ತುದಿ ಬರೀ ಮಡಚಿದ ಉಕ್ಕು, ಹಾಗಾಗಿ ಹಿಂದಿನವರ ಕೈಯಲ್ಲಿ ಒಂದೇ ಕಡೆ ಸವೆದಿದ್ದರೆ ನಿಮ್ಮ ಕೈಗೆ ಬಂದಾಗ ಕಾಗದ ಕೆರೆಯುತ್ತದೆ. ನನ್ನದಂತೂ 'ಳ' ಸುತ್ತುವಾಗೆಲ್ಲ ಕಾಗದದ ನಾರು ಕಿತ್ತುಕೊಂಡು ಗೆರೆ ದಪ್ಪ ಮಾಡುತ್ತಿತ್ತು. 9556ರ ತುದಿಗೆ ಬೇಗ ಸವೆಯದ ಗಟ್ಟಿ ಲೋಹದ ಪುಟ್ಟ ಗುಂಡು ಬೆಸೆದಿರುತ್ತದೆ. ಬೆಲೆ ಸ್ವಲ್ಪ ಜಾಸ್ತಿ, ಆದರೂ ದಿನಾ ಬರೆಯುವವರು ಅದನ್ನೇ ತಗೊಳ್ಳಿ. ಅಪರೂಪಕ್ಕೆ ಸಹಿ ಹಾಕುವವರಿಗೆ ಸವೆಯದ 2556 ಸಿಕ್ಕರೆ ಸಾಕು, ಸುಮ್ನೆ ದುಡ್ಡು ಯಾಕೆ ಅಲ್ವಾ? ಒತ್ತಿದರೆ ಬಳುಕುವ ನಿಬ್ಬೇ ಬೇಕು ಅಂದರೆ 9128 ಹುಡುಕಿ. ಯಾವುದೇ ಇರಲಿ, ಕೊಳ್ಳುವ ಮುಂಚೆ ನಿಬ್ಬಿನ ನಡುವಿನ ಸೀಳಿನ ಎರಡೂ ಬದಿ ಸಮ ಇದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿ.