ಬಾಡಿಗೆ ಕಾರಿನ ‘ಫುಲ್ ಕವರ್’ನಲ್ಲಿ ಟೈರ್ ಯಾಕಿಲ್ಲ?

ಕಲಬುರಗಿಯಲ್ಲಿ ಸೆಲ್ಫ್ ಡ್ರೈವ್ ಕಾರು ಬಾಡಿಗೆಗೆ ತಗೊಳ್ಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಗಾಡಿಗೆ ಪೆಟ್ಟಾದರೆ ನಮ್ಮ ಕೈಯಿಂದ ಹೋಗುವ ದುಡ್ಡಿಗೆ ಮಿತಿ ಹಾಕುವ ಡ್ಯಾಮೇಜ್ ಪ್ಲಾನ್ ಅಂತ ಅಂಗಡಿಯವರು ಮಾರುತ್ತಾರಲ್ಲ, ಅದರಲ್ಲಿ ಎಲ್ಲಕ್ಕಿಂತ ದುಬಾರಿಯದು ಬೇಡ. ಪುಕ್ಕಟೆ ಪ್ಲಾನೂ ಬೇಡ. ನಡುವಿನದು ತಗೊಂಡು, ಅದರ ಮೇಲೆ ಟೈರ್-ಗ್ಲಾಸ್ ಆಡ್-ಆನ್ ಹಾಕಿಸಿ. ಯಾಕೆ ಅಂತ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ದಿನವಿಡೀ ಲೆಕ್ಕ ನೋಡುವವಳಿಗೆ ಪೈಸೆ ಬಿಟ್ಟು ಬರೆಯೋಕೆ ಬರಲ್ಲ.

ನಾನು ಒಂದು ದಾಲ್ ಮಿಲ್‌ನಲ್ಲಿ ಅಕೌಂಟ್ಸ್ ನೋಡುತ್ತೇನೆ. ಮನೆ ಬ್ರಹ್ಮಪುರದ ಗಲ್ಲಿಯಲ್ಲಿ. ಅಲ್ಲಿ ಸ್ಕೂಟರ್ ನಿಲ್ಲಿಸಬೇಕಾದರೂ ಪಕ್ಕದ ಮನೆಯವರ ಜೊತೆ ಮಾತುಕತೆ ಆಗಬೇಕು. ಕಾರು ಕೊಂಡು ಎಲ್ಲಿ ಇಡೋದು? ಹಾಗಾಗಿ ಹುಮನಾಬಾದಿನ ಮದುವೆ, ಯಾದಗಿರಿಯ ತವರು, ಅತ್ತೆಯವರ ಗಾಣಗಾಪುರ, ಎಲ್ಲಕ್ಕೂ ಬಾಡಿಗೆ ಕಾರೇ. ಓಡಿಸೋದು ನಾನು. ನಮ್ಮ ಮನೆಯವರು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕ್ ಒತ್ತುತ್ತಾರೆ.

ನಾವು ಹೋಗುವ ಅಂಗಡಿ ರಿಂಗ್ ರೋಡ್ ಕಡೆ ಇದೆ. ಹೆಸರು ಬರೆಯುವುದಿಲ್ಲ, ಕೊನೆಗೆ ಒಂದು ತಕರಾರು ಇದೆ. ಕಾರುಗಳು ಚೆನ್ನಾಗಿವೆ, ಎಲ್ಲಕ್ಕೂ ಕಪ್ಪು ನಂಬರ್ ಪ್ಲೇಟ್, ಹಳದಿ ಅಕ್ಷರ. ಅದನ್ನು ನೋಡಿಯೇ ನಾನು ಒಳಗೆ ಹೋಗಿದ್ದು. ನಾವೇ ಓಡಿಸುವುದಕ್ಕೆ ಬಾಡಿಗೆಗೆ ಕೊಡುವ ಗಾಡಿಗೆ ಕಾನೂನಿನ ಪ್ರಕಾರ ಇರಬೇಕಾದ ಪ್ಲೇಟ್ ಅದು. ಊರಲ್ಲಿ ವೈಟ್ ಬೋರ್ಡ್ ಗಾಡಿ ಕೊಡುವವರಿಗೇನೂ ಕಮ್ಮಿ ಇಲ್ಲ. ‘ನಮ್ಮ ಕಾಕಾನ ಮಗನ ಗಾಡಿ ಅದ, ದಿನಕ್ಕ ಐದ್ನೂರು ಕಮ್ಮಿ ಕೊಡ್ರಿ ಸಾಕು’ ಅನ್ನುತ್ತಾರೆ. ಆದರೆ ಸ್ವಂತಕ್ಕೆ ಅಂತ ಮಾಡಿಸಿದ ಪಾಲಿಸಿಯಲ್ಲಿ, ಬಾಡಿಗೆಗೆ ಬಿಡುವಂತಿಲ್ಲ ಅಂತ ಬರೆದೇ ಇರುತ್ತದೆ. ಏನಾದರೂ ಆದರೆ ವಿಮೆ ಕಂಪನಿ ಕೈ ಎತ್ತಬಹುದು. ಆಮೇಲೆ ಕಾಕಾನ ಮಗ ಯಾರ ಮನೆ ಬಾಗಿಲಿಗೆ ಬರುತ್ತಾನೆ ಅಂತ ಬೇರೆ ಹೇಳಬೇಕಾ?

ಈಗ ಪ್ಲಾನ್‌ಗಳ ವಿಷಯ. ಸಣ್ಣ ಹ್ಯಾಚ್‌ಬ್ಯಾಕ್ ಕಾರಿಗೆ ಇಲ್ಲಿ ಮೂರು ಥರ ಇವೆ. ಮೊದಲನೆಯದಕ್ಕೆ ಜಾಸ್ತಿ ದುಡ್ಡಿಲ್ಲ, ಬಾಡಿಗೆಯಲ್ಲೇ ಬರುತ್ತದೆ. ಆದರೆ ಗಾಡಿಗೆ ಪೆಟ್ಟಾದರೆ 15,000 ರೂಪಾಯಿವರೆಗೆ ನಮ್ಮ ತಲೆ ಮೇಲೆ. ಎರಡನೆಯದಕ್ಕೆ ದಿನಕ್ಕೆ 349, ನಮ್ಮ ಪಾಲು 5,000ಕ್ಕೆ ನಿಲ್ಲುತ್ತದೆ. ಮೂರನೆಯದಕ್ಕೆ ದಿನಕ್ಕೆ 699, ನಮ್ಮ ಪಾಲು ಸೊನ್ನೆ. ಕೌಂಟರಿನ ಹುಡುಗ ಯಾವಾಗಲೂ ಮೂರನೆಯದನ್ನೇ ಮುಂದೆ ತಳ್ಳುತ್ತಾನೆ.

‘ಅಕ್ಕಾರ, ಇದು ಫುಲ್ ಕವರ್ ಅದ. ನಿಮಗ ಏನೂ ಟೆನ್ಶನ್ ಇಲ್ಲ.’

‘ಟೈರ್ ಒಡದ್ರ?’

‘ಟೈರ್ ಅದರಾಗ ಬರಂಗಿಲ್ರಿ.’

‘ಗ್ಲಾಸು?’

‘ಅದೂ ಇಲ್ರಿ.’

‘ಮತ್ತ ಕೆಳಗ ಕಲ್ಲು ಬಡದ್ರ?’

ಹುಡುಗ ನಕ್ಕ. ಒಳ್ಳೆ ಹುಡುಗ, ಸುಳ್ಳು ಹೇಳಲಿಲ್ಲ. ಕಾಗದದಲ್ಲಿ ಇದ್ದಿದ್ದೂ ಅದೇ. ಟೈರ್, ಗಾಜು, ಗಾಡಿಯ ತಳ, ಕೀಲಿ, ಒಳಗಿನ ಸೀಟು, ಈ ಐದೂ ಮೂರೂ ಪ್ಲಾನ್‌ನಿಂದ ಹೊರಗೆ. ಅಂದರೆ 699 ಕೊಟ್ಟು ನಾನು ಕಾಪಾಡಿಕೊಳ್ಳುವುದು ಬಾಗಿಲು, ಬಂಪರ್, ಬಾನೆಟ್ ಮಾತ್ರ. ನಮ್ಮ ಕಡೆ ರಸ್ತೆಯಲ್ಲಿ ಮೊದಲು ಹೋಗುವುದು ಏನು ಹೇಳಿ? ಬಾಗಿಲಂತೂ ಅಲ್ಲ.

ಹಾಗಾದರೆ ಕಾರಿಗೆ ಇರುವ ವಿಮೆ ಏನು ಮಾಡುತ್ತದೆ ಅಂತ ಕೇಳಬಹುದು. ಅದು ಇದ್ದೇ ಇರುತ್ತದೆ, ಆದರೆ ಪೂರ್ತಿ ದುಡ್ಡು ಕೊಡುವುದಿಲ್ಲ. ಮಾಮೂಲಿ ಮೋಟಾರ್ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ, ಬ್ಯಾಟರಿಗೆ ಅರ್ಧ ಬೆಲೆ ಕಳೆಯುತ್ತಾರೆ. ಫೈಬರ್‌ಗೆ 30%. ತಗಡಿನ ಭಾಗಕ್ಕೆ ಗಾಡಿಯ ವಯಸ್ಸು ನೋಡುತ್ತಾರೆ. ಆರು ತಿಂಗಳೊಳಗಿನ ಗಾಡಿಗೆ ಕಡಿತವಿಲ್ಲ, ಎರಡರಿಂದ ಮೂರು ವರ್ಷದ್ದಕ್ಕೆ 15%, ಐದು ದಾಟಿ ಹತ್ತರೊಳಗಿದ್ದರೆ 40%. ಇವತ್ತಿನ ಬಂಪರ್ ಪೂರ್ತಿ ಪ್ಲಾಸ್ಟಿಕ್ ಅಲ್ವಾ, ಹಾಗಾಗಿ ಅರ್ಧ ದುಡ್ಡು ಅಲ್ಲೇ ಹೋಯಿತು. ಇದರ ಮೇಲೆ ಪ್ರತಿ ಕ್ಲೇಮ್‌ಗೂ ಗಾಡಿ ಮಾಲೀಕರು ಕೈಯಿಂದ ಕೊಡಬೇಕಾದ ಪಾಲು ಬೇರೆ. ಮನೆ ಕಾರುಗಳಲ್ಲಿ 1500 ಸಿಸಿವರೆಗೆ ಅದು 1,000, ಅದಕ್ಕಿಂತ ದೊಡ್ಡದಕ್ಕೆ 2,000. ಜೊತೆಗೆ ಒಂದು ಸಲ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಮುಂದಿನ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಕೈ ತಪ್ಪುತ್ತದೆ. ಅಂಗಡಿಯವರು ಸಣ್ಣ ಪೆಟ್ಟಿಗೆ ವಿಮೆ ಕಂಪನಿಯ ಬಾಗಿಲು ತಟ್ಟದೆ ನಮ್ಮಿಂದಲೇ ವಸೂಲಿ ಮಾಡುವುದು ಇದಕ್ಕೇ. ಅವರ ಜಾಗದಲ್ಲಿ ಕೂತು ಲೆಕ್ಕ ಹಾಕಿದರೆ ನಾನೂ ಅದನ್ನೇ ಮಾಡುತ್ತಿದ್ದೆ. ಝೀರೋ ಡೆಪ್ ಹಾಕಿಸಿದ ಗಾಡಿಯಾದರೆ ಮಾತು ಬೇರೆ, ಬೆಲೆ ಕಡಿತ ಇರುವುದಿಲ್ಲ. ಹಾಗಾಗಿ ಗಾಡಿ ತಗೊಳ್ಳುವಾಗ ಅದೊಂದು ಪ್ರಶ್ನೆ ಕೇಳಿ.

ಟೈರಿನ ಕಥೆ ಇನ್ನೂ ಚೆಂದ. ಗುಂಡಿಗೆ ಬಿದ್ದು ಟೈರ್ ಒಂದೇ ಸೀಳಿಹೋದರೆ ಮಾಮೂಲಿ ಪಾಲಿಸಿಯಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. ಅದೇ ಹೊಡೆತದಲ್ಲಿ ಗಾಡಿಗೂ ಪೆಟ್ಟಾಗಿದ್ದರೆ ಮಾತ್ರ ಟೈರಿನ ಅರ್ಧ ಬೆಲೆ. ವಿಮೆ ಕಂಪನಿಯೇ ಕೊಡದ್ದನ್ನು ಬಾಡಿಗೆ ಅಂಗಡಿಯವನು ತನ್ನ ಜೇಬಿನಿಂದ ಯಾಕೆ ಕೊಡುತ್ತಾನೆ? ಅದಕ್ಕೇ ಫುಲ್ ಕವರ್‌ನಲ್ಲೂ ಟೈರ್ ಇಲ್ಲ.

ಇಲ್ಲೇ ಆ ಆಡ್-ಆನ್ ಬರುವುದು. ದಿನಕ್ಕೆ 120 ರೂಪಾಯಿ. ಟೈರ್, ಗಾಜು, ತಳ ಮೂರೂ ಸೇರಿ 8,000ದವರೆಗೆ ಅವರ ಜವಾಬ್ದಾರಿ, ಮೊದಲ 500 ನಮ್ಮದು. ಇದರ ಬಗ್ಗೆ ಹುಡುಗ ತಾನಾಗಿ ಬಾಯಿ ಬಿಡುವುದಿಲ್ಲ, ಕೇಳಿದರೆ ಹಾಕುತ್ತಾನೆ. ನಡುವಿನ ಪ್ಲಾನಿಗೆ ಸೇರಿಸಿದರೆ ದಿನಕ್ಕೆ 469. ಮೇಲಿನ ಪ್ಲಾನಿಗಿಂತ 230 ಕಮ್ಮಿ, ಕಾಪಾಡುವುದು ಜಾಸ್ತಿ.

ಪುಕ್ಕಟೆ ಪ್ಲಾನ್ ಯಾಕೆ ಬೇಡ ಅಂದರೆ ಬರೀ 15,000ದ ಹೆದರಿಕೆಯಿಂದಲ್ಲ. ಅದರಲ್ಲಿ ಇನ್ನೊಂದು ಸಾಲು ಇದೆ. ಕಾರು ಗ್ಯಾರೇಜಿನಲ್ಲಿ ನಿಂತಷ್ಟು ದಿನ ಅರ್ಧ ಬಾಡಿಗೆ ನಾವು ಕೊಡಬೇಕು, ಅದೂ 15,000ಕ್ಕೆ ಹೊರತಾಗಿ. ಪಾರ್ಟ್ ಹೈದರಾಬಾದಿನಿಂದ ಬರಬೇಕು ಅಂತ ಗ್ಯಾರೇಜಿನವನು ಹೇಳಿದರೆ ಮುಗಿಯಿತು, ನಮ್ಮ ಮೀಟರ್ ಓಡುತ್ತಲೇ ಇರುತ್ತದೆ. ನಡುವಿನ ಪ್ಲಾನಿನಲ್ಲಿ ಈ ಸಾಲು ಇಲ್ಲ. ಕಾಗದ ಒಂಬತ್ತು ಪುಟ, ಪೂರ್ತಿ ಇಂಗ್ಲಿಷ್. ಓದುವ ತಾಳ್ಮೆ ಇಲ್ಲದಿದ್ದರೆ ‘ಗಾಡಿ ನಿಂತ ದಿನಗಳ ಬಾಡಿಗೆ ಯಾರದು?’ ಅಂತ ಇದೊಂದನ್ನಾದರೂ ಕೇಳಿ.

ಈ ಲೆಕ್ಕ ಸುಮ್ನೆ ಕಾಗದದ ಮೇಲಿನದಲ್ಲ. ಮೇ ತಿಂಗಳಲ್ಲಿ ಯಾದಗಿರಿಗೆ ಹೊರಟಿದ್ದೆವು, ಶಹಾಬಾದ್–ವಾಡಿ ಮೇಲಿನ ದಾರಿ. ಆ ಕಡೆ ಓಡಾಡಿದವರಿಗೆ ಗೊತ್ತು, ಅರ್ಧ ರಸ್ತೆ ಶಹಾಬಾದ್ ಕಲ್ಲಿನ ಲಾರಿಗಳದ್ದು, ಉಳಿದರ್ಧ ಸಿಮೆಂಟಿನ ಲಾರಿಗಳದ್ದು. ಮುಂದೆ ಖಡಿ ತುಂಬಿದ ಟಿಪ್ಪರ್ ಇತ್ತು, ಮೇಲೆ ತಾಡಪತ್ರಿ ಇಲ್ಲ. ನಾನು ದೂರ ಬಿಟ್ಟೇ ಹೋಗುತ್ತಿದ್ದೆ. ಆದರೂ ಒಂದು ಚೂರು ಹಾರಿ ಬಂದು ಟಣ್ ಅಂತ ಗಾಜಿಗೆ ಬಡಿಯಿತು. ಇಳಿದು ನೋಡಿದರೆ ಹೆಸರುಕಾಳಿನಷ್ಟು ಬಿಳಿ ಚುಕ್ಕೆ. ‘ಏನೂ ಆಗಿಲ್ಲ ಬಿಡು’ ಅಂದರು ಮನೆಯವರು. ಹೊರಗೆ ಬೆಂಕಿ ಬಿಸಿಲು, ಒಳಗೆ ಎಸಿ. ನಾಲವಾರ ದಾಟುವ ಹೊತ್ತಿಗೆ ಆ ಚುಕ್ಕೆಯಿಂದ ಒಂದು ಗೆರೆ ಹೊರಟು ವೈಪರ್ ಕಡೆ ಇಳಿಯುತ್ತಿತ್ತು. ಗಾಜಿನ ಒಂದು ಮೈ ಕಾದು ಇನ್ನೊಂದು ಮೈ ತಣ್ಣಗಿದ್ದರೆ ಸಣ್ಣ ಬಿರುಕು ಬೆಳೆಯುತ್ತದೆ. ಎಸಿ ಆರಿಸಿ, ಕಿಟಕಿ ಇಳಿಸಿ, ಬೆವರು ಸುರಿಸುತ್ತಾ ಹೋದೆವು. ಹಿಂದಿನ ಸೀಟಿನಲ್ಲಿ ಮಕ್ಕಳು ಆ ಗೆರೆ ಎಷ್ಟು ಉದ್ದ ಆಯಿತು ಅಂತ ಕಾಮೆಂಟರಿ ಕೊಡುತ್ತಿದ್ದರು.

ಅಲ್ಲೇ ನಿಂತು ಫೋಟೋ ತೆಗೆದು, ಜಾಗದ ಲೊಕೇಶನ್ ಜೊತೆ ಅಂಗಡಿಗೆ ವಾಟ್ಸಾಪ್ ಮಾಡಿದ್ದು ಕೆಲಸಕ್ಕೆ ಬಂತು. ಪೆಟ್ಟಾದ ದಿನವೇ ತಿಳಿಸಬೇಕು ಅನ್ನುವುದು ಅವರ ಷರತ್ತು, ತಡ ಮಾಡಿದರೆ ಆಡ್-ಆನ್ ಲೆಕ್ಕಕ್ಕಿಲ್ಲ. ವಾಪಸ್ ಬಂದ ಮೇಲೆ ಗಾಜು ಬದಲಾಯಿಸಿದರು. ಬಿಲ್ ಆರು ಸಾವಿರದ ಮೇಲೆ ಆಗಿತ್ತು, ನನ್ನ ಪಾಲು 500. ಮೇಲಿನ ‘ಫುಲ್ ಕವರ್’ ತಗೊಂಡಿದ್ದರೆ ಪೂರ್ತಿ ಬಿಲ್ ನನ್ನದೇ.

ತಕರಾರು ಇರುವುದು ಆಮೇಲಿನದರಲ್ಲಿ. ನನ್ನ 5,000 ಡೆಪಾಸಿಟ್ ಹಾಗೇ ಹಿಡಿದಿಟ್ಟುಕೊಂಡರು. ಏಳು ಕೆಲಸದ ದಿನದಲ್ಲಿ ವಾಪಸ್ ಅಂತ ಕಾಗದದಲ್ಲಿದೆ. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ಫೋನ್ ಮಾಡಿದರೆ ‘ಆಫೀಸಿಂದ ಆಗಬೇಕ್ರಿ ಅಕ್ಕಾರ’. ಆಫೀಸಿಗೆ ಮಾಡಿದರೆ ‘ಬ್ರಾಂಚಿನಿಂದ ಬರಬೇಕು ಮೇಡಂ’. ಕೊನೆಗೆ ಮಿಲ್‌ನಿಂದ ಮಧ್ಯಾಹ್ನದ ಹೊತ್ತು ನಾನೇ ಹೋಗಿ, ಬಿಲ್ಲಿನ ಪ್ರತಿ ಕೇಳಿ, ಕೌಂಟರಿನ ಎದುರು ಕುರ್ಚಿ ಹಾಕಿಕೊಂಡು ಕೂತ ಮೇಲೆ 4,500 ಬಂತು. ಬಡ್ಡಿ ಕೇಳಲಿಲ್ಲ, ಕೇಳಬೇಕು ಅನಿಸಿತ್ತು.

ನನ್ನ ತಮ್ಮ ಗ್ಲಾಸ್ಗೋದಲ್ಲಿದ್ದಾನೆ. ಇದನ್ನೆಲ್ಲ ಹೇಳಿದಾಗ ಅಲ್ಲಿನ ಪದ್ಧತಿ ವಿವರಿಸಿದ. ಅಲ್ಲಿ ಬಾಡಿಗೆಯ ಜೊತೆಗೇ ಪೆಟ್ಟು, ಕಳವಿಗೆ ಒಂದು ಮಟ್ಟದ ರಕ್ಷಣೆ ಬರುತ್ತದೆ. ಆದರೆ ಮೊದಲ ಸಾವಿರ ಪೌಂಡ್‌ನಷ್ಟು, ಕೆಲವು ಕಡೆ ಅದಕ್ಕೂ ಜಾಸ್ತಿ, ಗಿರಾಕಿಯದೇ. ಇದಕ್ಕೆ ಅವರು ಎಕ್ಸೆಸ್ ಅನ್ನುತ್ತಾರೆ, ಅಷ್ಟು ದುಡ್ಡನ್ನು ಕ್ರೆಡಿಟ್ ಕಾರ್ಡಿನಲ್ಲಿ ತಡೆದಿಡುತ್ತಾರೆ. ಇದನ್ನು ಇಳಿಸುವ ಪ್ಲಾನ್ ಏರ್‌ಪೋರ್ಟ್ ಕೌಂಟರಿನಲ್ಲಿ ದುಬಾರಿಗೆ ಸಿಗುತ್ತದೆ. ಆದರೆ ಬೇರೆ ವಿಮೆ ಕಂಪನಿಗಳು ಎಕ್ಸೆಸ್ ಇನ್ಶೂರೆನ್ಸ್ ಅಂತಲೇ ಪ್ರತ್ಯೇಕ ಪಾಲಿಸಿ ಮಾರುತ್ತವೆ. ಮನೆಯಲ್ಲೇ ಕೂತು ಮೊದಲೇ ಕೊಂಡರೆ ಕೌಂಟರಿನ ಬೆಲೆಗಿಂತ ಎಷ್ಟೋ ಅಗ್ಗ, ವರ್ಷಕ್ಕೊಂದು ಪಾಲಿಸಿಯೂ ಸಿಗುತ್ತದಂತೆ. ಟೈರ್, ಗಾಜು, ತಳ ಕೂಡ ಸಾಮಾನ್ಯವಾಗಿ ಅದರಲ್ಲಿ ಬರುತ್ತದೆ. ಒಂದೇ ಕಿರಿಕಿರಿ ಅಂದರೆ ಮೊದಲು ಕಾರಿನವರಿಗೆ ನಾವೇ ದುಡ್ಡು ಕೊಟ್ಟು, ಆಮೇಲೆ ರಸೀದಿ ಕಳಿಸಿ ವಿಮೆಯವರಿಂದ ಪಡೆಯಬೇಕು. ಮತ್ತೆ ಅಂಥ ಎಷ್ಟೋ ಪಾಲಿಸಿಗಳು ಅಲ್ಲಿ ವಾಸ ಇರುವವರಿಗೆ ಮಾತ್ರ. ಇಲ್ಲಿಂದ ತಿರುಗಾಡೋಕೆ ಹೋದ ನಾವು ಕೊಳ್ಳುವ ಮುಂಚೆ ಅದನ್ನು ನೋಡಬೇಕು. ನನಗೆ ಹಿಡಿಸಿದ್ದು ಒಂದು ವಿಷಯ: ಗಾಡಿ ಕೊಡುವವನು ಬೇರೆ, ಪೆಟ್ಟಿನ ದುಡ್ಡು ತುಂಬಿಕೊಡುವವನು ಬೇರೆ. ನಮ್ಮ ಅಂಗಡಿಯಲ್ಲಿ ಪೆಟ್ಟು ಎಷ್ಟು ಅಂತ ಬರೆಯುವವರೂ ಅವರೇ, ಪ್ಲಾನ್ ಮಾರುವವರೂ ಅವರೇ, ಡೆಪಾಸಿಟ್ ಹಿಡಿದಿರುವವರೂ ಅವರೇ.

ಹಾಗಿರುವುದರಿಂದ ಗಾಡಿ ತಗೊಳ್ಳುವ ಹೊತ್ತೇ ಮುಖ್ಯ. ಅವರು ತೊಳೆದು ಕೊಡುತ್ತಾರೆ, ನಾವು ಧೂಳು ಮೆತ್ತಿಕೊಂಡು ವಾಪಸ್ ತರುತ್ತೇವೆ. ಹುಡುಗ ಒದ್ದೆ ಬಟ್ಟೆ ತಗೊಂಡು ಬಾಗಿಲು ಒರೆಸುತ್ತಾನೆ. ಎಲ್ಲಾದರೂ ಗೀರು ಕಂಡರೆ ಅದರ ಮೇಲೆ ಅಡ್ಡಲಾಗಿ ಉಗುರು ಎಳೆಯುತ್ತಾನೆ. ಉಗುರು ಸಿಕ್ಕಿಬಿದ್ದರೆ ಪೇಂಟ್ ಹೋಗಿದೆ ಅಂತ ಲೆಕ್ಕ, ಜಾರಿದರೆ ಪಾಲಿಶ್‌ನಲ್ಲಿ ಹೋಗುತ್ತದೆ, ದುಡ್ಡಿಲ್ಲ. ಇದನ್ನು ನೋಡಿ ಕಲಿತ ಮೇಲೆ ಗಾಡಿ ತಗೊಳ್ಳುವಾಗ ನಾನೂ ಸುತ್ತ ಉಗುರು ಎಳೆದು, ವಿಡಿಯೋ ಮಾಡಿಕೊಳ್ಳುತ್ತೇನೆ. ಸ್ಟೆಪ್ನಿ ತೆಗೆಸಿ ನೋಡುತ್ತೇನೆ. ಮೊಬೈಲನ್ನು ಗಾಡಿಯ ಕೆಳಗೆ ಹಿಡಿದು ತಳದ್ದೂ ಫೋಟೋ. ಹಿಂದೆ ಕಾಯುವವರು ಗೊಣಗುತ್ತಾರೆ, ಗೊಣಗಲಿ.

ಕೀಲಿಯ ಬಗ್ಗೆ ಮಾತ್ರ ಯಾವ ಆಡ್-ಆನೂ ಇಲ್ಲ. ಚಿಪ್ ಇರುವ ಕೀಲಿ ಕಳೆದರೆ ಅಥವಾ ನೀರಿಗೆ ಬಿದ್ದರೆ ಪೂರ್ತಿ ಬೆಲೆ ನಮ್ಮದು. ಗಾಣಗಾಪುರದ ಸಂಗಮದಲ್ಲಿ ನಮ್ಮ ಮನೆಯವರು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಭೀಮೆಗೆ ಇಳಿಯಲು ಹೊರಟಿದ್ದರು. ಅತ್ತೆ ದಡದಿಂದಲೇ ಕೂಗಿ ನಿಲ್ಲಿಸಿದರು. ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಹಳ್ಳದ ನೀರು ರಸ್ತೆ ಮೇಲೆ ಹರಿಯುವಾಗ ಗಾಡಿ ನುಗ್ಗಿಸಿ ಎಂಜಿನ್ನಿಗೆ ನೀರು ಹೋದರೆ ಈ ಅಂಗಡಿಯ ಯಾವ ಪ್ಲಾನೂ ಬರುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಹಾಕಿಸದಿದ್ದರೆ ಮಾಮೂಲಿ ಪಾಲಿಸಿಯಲ್ಲೂ ಅದು ಬರಲ್ಲ. ಕುಡಿದು ಓಡಿಸಿದರೆ, ಲೈಸೆನ್ಸ್ ಇಲ್ಲದವರ ಕೈಗೆ ಕೊಟ್ಟರೆ ಏನೂ ಸಿಗಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವುದೇ.

ಅಂಗಡಿಗೆ ನನ್ನ ಅಂಕ ಐದಕ್ಕೆ ಮೂರು. ಗಾಡಿಗೆ, ಹುಡುಗನ ಮಾತಿಗೆ ಪೂರ್ತಿ ಕೊಡಬಹುದಿತ್ತು. ಡೆಪಾಸಿಟ್ ಸತಾಯಿಸಿದ್ದಕ್ಕೆ ಒಂದು, ಒಂಬತ್ತು ಪುಟದಲ್ಲಿ ಒಂದು ಸಾಲೂ ಕನ್ನಡ ಇಲ್ಲದ್ದಕ್ಕೆ ಇನ್ನೊಂದು ಕಳೆದಿದ್ದೇನೆ. ದೀಪಾವಳಿಗೆ ಬೀದರ್‌ಗೆ ಅವರಲ್ಲೇ ಬುಕ್ ಮಾಡಿದ್ದೇನೆ, ನಡುವಿನ ಪ್ಲಾನ್, ಟೈರ್-ಗ್ಲಾಸ್ ಸೇರಿಸಿ. ಬುಕಿಂಗ್ ಮಾಡುವಾಗಲೇ ಹಾಕಿಸಿ, ಗಾಡಿ ಗೇಟ್ ದಾಟಿದ ಮೇಲೆ ಆ ಆಡ್-ಆನ್ ಸೇರಿಸುವುದಿಲ್ಲ.